ತನ್ನ ರೋಗವನ್ನು ತಾನೇ ಗುರುತಿಸಿದ ವೈದ್ಯಗುರು: ಆರ್ಮಾಂ ಟ್ರೂಸೋ

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ವೈದ್ಯಶಾಸ್ತ್ರದ ರಾಜಧಾನಿ ಯಾವುದೆಂದು ಕೇಳಿದ್ದರೆ ಯೂರೋಪಿನ ಬಹುಮಂದಿ ವಿದ್ವಾಂಸರು ಪ್ಯಾರಿಸ್ ನಗರದ ಹೆಸರನ್ನೇ ಹೇಳುತ್ತಿದ್ದರು. ಅಲ್ಲಿನ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ನೂರಾರು ಬಡರೋಗಿಗಳು ಒಂದೇ ಸೂರಿನಡಿ ಮಲಗಿರುತ್ತಿದ್ದರು. ವೈದ್ಯರು ಮಂಚದಿಂದ ಮಂಚಕ್ಕೆ ನಡೆದು, ಮುಟ್ಟಿ, ತಟ್ಟಿ, ಕಿವಿಗೊಟ್ಟು ರೋಗವನ್ನು ಪರೀಕ್ಷಿಸುತ್ತಿದ್ದರು. ರೋಗಿ ಮೃತನಾದಾಗ ಶವವನ್ನು ಸೀಳಿ ತಮ್ಮ ಊಹೆ ಸರಿಯೇ ತಪ್ಪೇ ಎಂದು ತಾವೇ ಒರೆಹಚ್ಚಿ ನೋಡಿಕೊಳ್ಳುತ್ತಿದ್ದರು. ಈ ಪರಂಪರೆಯಲ್ಲಿ ಬೆಳೆದು, ಅದರ ಶ್ರೇಷ್ಠ ಉಪನ್ಯಾಸಕರೆಂದು ಕೀರ್ತಿಗೊಂಡವರು ಆರ್ಮಾಂ ಟ್ರೂಸೋ. ರಕ್ತ ಹೆಪ್ಪುಗಟ್ಟುವಿಕೆಗೂ ಅರ್ಬುದ ರೋಗಕ್ಕೂ, ಎಂದರೆ ಇಂದು ಮನೆಮಾತಾಗಿರುವ ಕ್ಯಾನ್ಸರಿಗೂ, ನಿಕಟವಾದ ನಂಟುಂಟು ಎಂಬುದನ್ನು ಜಗತ್ತಿಗೆ ಸ್ಪಷ್ಟವಾಗಿ ಬೋಧಿಸಿದವರು ಇವರೇ. ವಿಧಿಯ ವಿಚಿತ್ರವೆಂದರೆ, ತಾವು ಬೋಧಿಸಿದ ಆ ಪಾಠ ತಮ್ಮ ದೇಹದ ಮೇಲೆಯೇ ನಿಜವಾದುದನ್ನೂ ಅವರು ಕಾಣಬೇಕಾಯಿತು.

ಟ್ರೂಸೋ ಅವರು 1801ನೆಯ ಇಸವಿ ಅಕ್ಟೋಬರ್ 14ರಂದು ಫ್ರಾನ್ಸ್ ದೇಶದ ಲ್ವಾರ್ ನದೀತೀರದ ತೂರ್ ಪಟ್ಟಣದಲ್ಲಿ ಜನಿಸಿದರು. ಅವರು ಮೊದಲು ಕೈಕೊಂಡ ವೃತ್ತಿ ವೈದ್ಯಕೀಯವಲ್ಲ, ಅಧ್ಯಾಪನ. ಎಳೆಯ ವಯಸ್ಸಿನಲ್ಲಿಯೇ ಶಾತೋರೂ ಎಂಬ ಊರಿನ ವಿದ್ಯಾಲಯದಲ್ಲಿ ಅಲಂಕಾರಶಾಸ್ತ್ರವನ್ನು, ಎಂದರೆ ಮಾತನ್ನು ಒಪ್ಪವಾಗಿ ಆಡುವ ವಿದ್ಯೆಯನ್ನು, ಬೋಧಿಸುತ್ತಿದ್ದರು. ಅಧ್ಯಾಪಕ ವೃತ್ತಿಯಲ್ಲಿರುವ ವಾಚಕರು ಈ ಸಂಗತಿಯನ್ನು ಗಮನಿಸಬೇಕೆಂದು ನನ್ನ ಬಯಕೆ. ಮುಂದೆ ಅವರ ವೈದ್ಯೋಪನ್ಯಾಸಗಳಿಗೆ ದೂರದೂರದಿಂದ ಜನ ಬರುತ್ತಿದ್ದರೆಂದರೆ, ಅದರಲ್ಲಿ ಆ ಚಿಕ್ಕ ಊರಿನ ತರಗತಿಯ ಪಾಲೂ ಸ್ವಲ್ಪವಿದ್ದಿರಲೇಬೇಕು.

ಅವರನ್ನು ವೈದ್ಯವೃತ್ತಿಗೆ ಎಳೆದು ತಂದವರು ತೂರ್ ಪಟ್ಟಣದ ಆಸ್ಪತ್ರೆಯ ಮುಖ್ಯವೈದ್ಯರಾಗಿದ್ದ ಪಿಯೇರ್ ಬ್ರೆತೊನೋ. ಇವರು ಅಸಾಧಾರಣ ಪ್ರತಿಭಾಶಾಲಿಗಳು. ಆದರೆ ಬರೆಯುವುದೆಂದರೆ ಅವರಿಗೆ ಬೇಸರ. ಪ್ರತಿಯೊಂದು ಸಾಂಕ್ರಾಮಿಕ ರೋಗಕ್ಕೂ ಅದರದೇ ಆದ ಬೀಜವಿರುತ್ತದೆ, ಗೋಧಿಯ ಬೀಜದಿಂದ ಗೋಧಿಯೇ ಬರುವಂತೆ ಒಂದು ರೋಗದ ಬೀಜದಿಂದ ಆ ರೋಗವೇ ಬರುತ್ತದೆ ಎಂಬ ವಿಚಾರವನ್ನು ಸೂಕ್ಷ್ಮಜೀವಿಗಳು ಪತ್ತೆಯಾಗುವುದಕ್ಕೆ ಎಷ್ಟೋ ವರ್ಷ ಮೊದಲೇ ಅವರು ಮನಗಂಡಿದ್ದರು. ವಿಷಮಶೀತಜ್ವರವನ್ನು ಇತರ ಜ್ವರಗಳಿಂದ ಬೇರ್ಪಡಿಸಿ ಗುರುತಿಸಿದರು. ಗಂಟಲಮಾರಿ ರೋಗಕ್ಕೆ ಹೆಸರಿಟ್ಟು ಅದರ ಲಕ್ಷಣಗಳನ್ನು ನಿರ್ಣಯಿಸಿದರು. ಗುರುಗಳು ಬರೆಯದೆ ಬಿಟ್ಟ ಜ್ವರವಿಚಾರವನ್ನು 1826ರಲ್ಲಿ ಪ್ಯಾರಿಸಿನ ವೈದ್ಯ ಪತ್ರಿಕೆಯೊಂದರಲ್ಲಿ ಬರೆದು ಪ್ರಕಟಿಸಿದವರು ಶಿಷ್ಯ ಟ್ರೂಸೋ. ಕೀರ್ತಿಯೆಲ್ಲ ಗುರುವಿಗೆ ಸಲ್ಲುವಂತೆಯೇ ಅವರು ಬರೆದರು. ಗುರುವಿನ ಆಲೋಚನೆಯನ್ನು ತನ್ನದೆಂದು ಹೇಳಿಕೊಳ್ಳುವ ಅವಕಾಶವಿದ್ದೂ ಹಾಗೆ ಮಾಡದವರು ವಿದ್ವತ್ಪ್ರಪಂಚದಲ್ಲಿ ಎಂದಿಗೂ ವಿರಳವೇ.

1825ರಲ್ಲಿ ಪ್ಯಾರಿಸಿನಲ್ಲಿ ವೈದ್ಯಪದವಿ ಪಡೆದ ಟ್ರೂಸೋ ಅವರನ್ನು 1828ರಲ್ಲಿ ಸರಕಾರವು ಹಳದಿಜ್ವರದ ವಿಚಾರಣೆಗಾಗಿ ಜಿಬ್ರಾಲ್ಟರಿಗೆ ಕಳುಹಿಸಿತು. 1837ರಲ್ಲಿ ಗಂಟಲಿನ ಕ್ಷಯದ ಮೇಲೆ ಬೆಲೋಕ್ ಎಂಬವರೊಡನೆ ಬರೆದ ಪ್ರಬಂಧಕ್ಕೆ ವೈದ್ಯ ಅಕಾಡೆಮಿಯ ಬಹುಮಾನ ದೊರೆಯಿತು. 1839ರಲ್ಲಿ ಚಿಕಿತ್ಸಾಶಾಸ್ತ್ರದ ಪ್ರಾಧ್ಯಾಪಕರಾದರು. ಪಿದೂ ಎಂಬವರೊಡನೆ ಅವರು ರಚಿಸಿದ ಔಷಧಶಾಸ್ತ್ರದ ಗ್ರಂಥ ಹಲವು ಆವೃತ್ತಿಗಳನ್ನು ಕಂಡಿತು. 1848ರ ಕ್ರಾಂತಿಯ ನಂತರ ಫ್ರಾನ್ಸಿನ ಸಂವಿಧಾನ ಸಭೆಗೂ ಆರಿಸಿ ಬಂದರು. ರಾಜಕೀಯವು ಅವರನ್ನು ಬಹುಕಾಲ ಹಿಡಿದಿಡಲಿಲ್ಲ.

ಆ ಕಾಲದಲ್ಲಿ ಗಂಟಲಮಾರಿ ಬಂದ ಮಗುವಿನ ಸ್ಥಿತಿಯನ್ನು ಇಂದಿನ ತಂದೆತಾಯಿಗಳು ಊಹಿಸಿಕೊಳ್ಳುವುದೂ ಕಷ್ಟ. ಗಂಟಲಲ್ಲಿ ಪೊರೆ ಕಟ್ಟಿ, ಉಸಿರಿನ ದಾರಿ ಮುಚ್ಚಿ, ಮಗು ಕಣ್ಣೆದುರಿನಲ್ಲಿಯೇ ಉಸಿರುಗಟ್ಟಿ ಸಾಯುತ್ತಿತ್ತು. 1825ರಲ್ಲಿ ಬ್ರೆತೊನೋ ಅವರು ಒಬ್ಬ ಬಾಲಕಿಯ ಕೊರಳ ಮುಂಭಾಗದಲ್ಲಿ ಶ್ವಾಸನಾಳವನ್ನು ಕೊಯ್ದು, ನಳಿಕೆಯನ್ನಿಟ್ಟು ಬದುಕಿಸಿದ್ದರು. ಆ ಶಸ್ತ್ರಕ್ರಿಯೆಯನ್ನು ಪ್ಯಾರಿಸಿಗೆ ತಂದು ಬಳಕೆಯಲ್ಲಿ ನೆಲೆಗೊಳಿಸಿದವರು ಟ್ರೂಸೋ. ಅವರು ಇನ್ನೂರಕ್ಕೂ ಹೆಚ್ಚು ಮಕ್ಕಳಿಗೆ ಇದನ್ನು ಮಾಡಿದರು. ಬದುಕುಳಿದವರು ಸುಮಾರು ನಾಲ್ಕರಲ್ಲೊಂದು ಪಾಲು. ಇಂದಿನ ಕಣ್ಣಿಗೆ ಈ ಲೆಕ್ಕ ಅಲ್ಪವೆನಿಸೀತು. ಆದರೆ ಕೊಯ್ಯದೆ ಬಿಟ್ಟಿದ್ದರೆ ಆ ಮಕ್ಕಳಲ್ಲಿ ಬಹುಪಾಲು ಯಾರೂ ಉಳಿಯುತ್ತಿರಲಿಲ್ಲವೆಂಬುದನ್ನು ನೆನೆದರೆ, ಆ ಒಂದು ಪಾಲು ಎಷ್ಟು ಮನೆಗಳ ಬೆಳಕೆಂಬುದು ತಿಳಿದೀತು.

1850ರ ದಶಕದ ಆರಂಭದಿಂದ ಅವರು ಪ್ಯಾರಿಸಿನ ಅತಿ ಪುರಾತನ ಆಸ್ಪತ್ರೆಯಾದ ಒತೆಲ್ ದ್ಯೂದಲ್ಲಿ ರೋಗಿಶಯ್ಯೆಯ ಪಾಠಗಳನ್ನು ಹೇಳತೊಡಗಿದರು. ಮೊದಲು ರೋಗಿಯನ್ನು ತೋರಿಸುವುದು, ಬಳಿಕ ಉಪನ್ಯಾಸ: ಇದು ಕ್ರಮ. ತಮ್ಮ ತಪ್ಪು ನಿರ್ಣಯಗಳನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ತಮ್ಮ ದೇಹವನ್ನೂ ಪಾಠದ ವಸ್ತುವಾಗಿ ಮಾಡಿಕೊಳ್ಳುತ್ತಿದ್ದರು. ಅವರಿಗೆ ಉಬ್ಬಸವಿತ್ತು. ಒಮ್ಮೆ ತಮ್ಮ ಗಾಡಿಯವನು ಕುದುರೆಯ ಓಟ್ಸ್ ಧಾನ್ಯವನ್ನು ಕದಿಯುತ್ತಿರುವನೆಂದು ಅನುಮಾನಿಸಿ, ಅದನ್ನು ಅಳೆಯಿಸಲು ಉಗ್ರಾಣಕ್ಕೆ ಹೋದರು. ಅಲ್ಲಿನ ಧೂಳಿಗೆ ಅವರಿಗೆ ಅತಿ ಭಯಂಕರವಾದ ಉಬ್ಬಸ ಬಂದಿತು. ಅಂತಹ ಧೂಳಿನಲ್ಲಿ, ಅದಕ್ಕಿಂತ ಹೆಚ್ಚಿನ ಧೂಳಿನಲ್ಲಿಯೂ, ಎಷ್ಟೋ ಸಾರಿ ನಿಂತಿದ್ದರೂ ಏನೂ ಆಗಿರಲಿಲ್ಲ. ಆ ದಿನ ಮನಸ್ಸು ಕಳ್ಳತನದ ಚಿಂತೆಯಿಂದ ಕದಡಿದ್ದುದೇ ದೇಹವನ್ನು ಧೂಳಿಗೆ ಅಷ್ಟು ಸುಲಭವಾಗಿ ಒಪ್ಪಿಸಿತೆಂದು ಅವರು ವಿದ್ಯಾರ್ಥಿಗಳಿಗೆ ವಿವರಿಸಿದರು.

ಇನ್ನೊಮ್ಮೆ ಒಬ್ಬ ಹೆಂಗಸಿನ ರಕ್ತ ತೆಗೆಯಲೆಂದು ತೋಳಿಗೆ ಪಟ್ಟಿ ಬಿಗಿದಾಗ ಆಕೆಯ ಬೆರಳುಗಳು ಸೆಟೆದು ಒಂದುಗೂಡಿದುದನ್ನು ಕಂಡರು. ಇತರರು ಕಂಡೂ ಕಾಣದಂತೆ ಬಿಡಬಹುದಾಗಿದ್ದ ಸಂಗತಿ ಅದು. ಇಂದು ರಕ್ತದಲ್ಲಿ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಕುಂದಿರುವುದನ್ನು ಗುರುತಿಸಲು ವೈದ್ಯವಿದ್ಯಾರ್ಥಿಗಳು ಮಾಡುವ ತೋಳಿನ ಪರೀಕ್ಷೆಗೆ ಟ್ರೂಸೋ ಚಿಹ್ನೆಯೆಂದೇ ಹೆಸರು. ಮಿದುಳಿನ ಪೆಟ್ಟಿನಿಂದ ಮಾತು ಕಳೆದುಕೊಳ್ಳುವ ರೋಗಕ್ಕೆ 1864ರಲ್ಲಿ ಅಫೇಸಿಯ ಎಂಬ ಹೆಸರನ್ನು ನೀಡಿದವರೂ ಅವರೇ. ಬ್ರೋಕಾ ಅವರು ಸೂಚಿಸಿದ್ದ ಪದ ಹಿಂದೆ ಸರಿದು ಇದೇ ನೆಲೆನಿಂತಿತು. ತಮ್ಮ ಹೆಸರನ್ನು ಯಾವುದಕ್ಕೂ ಅಂಟಿಸಿಕೊಳ್ಳದೆ, ಇಂಗ್ಲೆಂಡಿನ ಅಡಿಸನ್, ಡಬ್ಲಿನ್ನಿನ ಗ್ರೇವ್ಸ್ ಇವರ ಹೆಸರುಗಳು ಅವರವರು ವರ್ಣಿಸಿದ ರೋಗಗಳಿಗೆ ಸೇರುವಂತೆ ಮಾಡಿದ ಔದಾರ್ಯವೂ ಟ್ರೂಸೋ ಅವರದು.

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಹೆರಿಗೆಯಾದ ಕೆಲವು ಬಾಣಂತಿಯರ ಕಾಲು ಹಠಾತ್ತಾಗಿ ಬಾತು, ಬೆಳ್ಳಗಾಗಿ, ಮುಟ್ಟಿದರೆ ಸಹಿಸಲಾರದಷ್ಟು ನೋಯುವುದನ್ನು ವೈದ್ಯರು ಬಹುಕಾಲದಿಂದ ಬಲ್ಲವರಾಗಿದ್ದರು. ಎದೆಯ ಹಾಲು ದಾರಿತಪ್ಪಿ ಕಾಲಿಗಿಳಿಯುವುದೇ ಅದರ ಕಾರಣವೆಂದು ಹಿಂದಿನವರು ನಂಬಿದ್ದರು. ಹಾಲಲ್ಲ, ಅಭಿಧಮನಿಯೊಳಗೆ ರಕ್ತ ಗರಣೆಗಟ್ಟಿ ಹರಿವು ನಿಂತುಹೋಗುವುದೇ ಕಾರಣವೆಂದು 1823ರಲ್ಲಿ ಲಂಡನ್ನಿನ ಡೇವಿಸ್ ತೋರಿಸಿದರು. ಅದೇ ವರ್ಷ ಫ್ರಾನ್ಸಿನಲ್ಲಿ ಬೂಯೋ ಎಂಬ ತರುಣ ವೈದ್ಯರು ಅರ್ಬುದ ರೋಗಿಗಳ ಬಾತ ಕಾಲುಗಳಲ್ಲಿಯೂ ಇಂತಹುದೇ ಗರಣೆಯನ್ನು ಕಂಡು ಬರೆದರು. ಆದುದರಿಂದ ಈ ನಂಟನ್ನು ಮೊತ್ತಮೊದಲು ಕಂಡವರು ಟ್ರೂಸೋ ಎಂದು ಹೇಳುವುದು ಸರಿಯಲ್ಲ. ಅದನ್ನು ರೋಗನಿರ್ಣಯದ ಸಾಧನವಾಗಿ ಮಾಡಿ ವೈದ್ಯರ ಕೈಗಿತ್ತವರು ಅವರು.

ಟ್ರೂಸೋ ಅವರ ಒತೆಲ್ ದ್ಯೂ ಉಪನ್ಯಾಸಗಳು 1861ರಲ್ಲಿ ಪುಸ್ತಕರೂಪದಲ್ಲಿ ಬಂದವು. 1865ರಲ್ಲಿ ಎರಡನೆಯ ಆವೃತ್ತಿ. ಅದರಲ್ಲಿ ಈ ಬಿಳಿಯ ಬಾವಿಗೇ ಮೀಸಲಾದ ಒಂದು ಉಪನ್ಯಾಸವಿದೆ. ಕ್ಷಯರೋಗಿಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಅರ್ಬುದ ರೋಗಿಗಳಲ್ಲಿ, ಈ ಬಾವು ಎಷ್ಟು ಪದೇಪದೇ ಕಾಣಿಸಿಕೊಳ್ಳುತ್ತದೆಂಬುದು ತಮ್ಮನ್ನು ಬೆರಗುಗೊಳಿಸಿತೆಂದು ಅವರು ಅಲ್ಲಿ ಹೇಳುತ್ತಾರೆ. ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಮೂಡುವುದು, ಕಾಲಿನಲ್ಲಿ ಮಾತ್ರವಲ್ಲದೆ ತೋಳಿನಲ್ಲಿಯೂ ಬರುವುದು ಇದರ ಸ್ವಭಾವ. ಅಭಿಧಮನಿಯ ಗೋಡೆ ಮೊದಲು ಉರಿಗೊಳ್ಳುತ್ತದೆ, ಬಳಿಕ ರಕ್ತ ಹೆಪ್ಪುಗಟ್ಟುತ್ತದೆ ಎಂಬುದು ಪ್ಯಾರಿಸಿನ ಕ್ರೂವೇಯೇ ಮೊದಲಾದ ಹಿರಿಯರ ಮತವಾಗಿತ್ತು. ಟ್ರೂಸೋ ಅದನ್ನು ತಿರುಗಿಸಿ ನೋಡಿದರು. ಅರ್ಬುದದಿಂದ ಕೃಶವಾದ ದೇಹದಲ್ಲಿ ರಕ್ತವೇ ಒಂದು ವಿಶೇಷ ಸ್ಥಿತಿಗೆ ಬಂದಿರುತ್ತದೆ. ನಾಳದಲ್ಲಿ ಉರಿಯೂತವಿಲ್ಲದೆಯೂ ಅದು ತಾನಾಗಿ ಹೆಪ್ಪುಗಟ್ಟಲು ಒಲಿದಿರುತ್ತದೆ ಎಂದರು. ಆ ವಿಶೇಷ ಸ್ಥಿತಿ ಏನೆಂಬುದನ್ನು ತೋರಿಸುವ ಸಾಧನ ಅವರಲ್ಲಿರಲಿಲ್ಲ. ಬರ್ಲಿನ್ನಿನ ವಿರ್ಕೋ ಅವರು ಗರಣೆಯ ತುಣುಕು ಕಾಲಿನಿಂದ ಕಿತ್ತು ಶ್ವಾಸಕೋಶಕ್ಕೆ ಸಾಗಿ ಕೊಲ್ಲಬಲ್ಲುದೆಂಬುದನ್ನು ಆಗತಾನೆ ಸ್ಥಾಪಿಸಿದ್ದರು. ಗರಣೆಯ ರಾಸಾಯನಿಕ ಹಾದಿ ಇನ್ನೂ ಕತ್ತಲಲ್ಲಿಯೇ ಇತ್ತು. ಕೇವಲ ಮಂಚದ ಬಳಿಯ ನೋಟದಿಂದ ಅವರು ಅಷ್ಟು ದೂರ ಹೋದುದೇ ಆಶ್ಚರ್ಯ.

ಈ ನೋಟದಿಂದ ಅವರು ಹೊರಡಿಸಿದ ಪ್ರಾಯೋಗಿಕ ಸೂತ್ರವು ಇನ್ನೂ ಮುಖ್ಯವಾದುದು. ಬಹುದಿನದಿಂದ ಹೊಟ್ಟೆನೋವು, ಅಜೀರ್ಣ, ಕೃಶತೆ ಇರುವ ರೋಗಿಯೊಬ್ಬ ಬರುತ್ತಾನೆ. ಅದು ಜಠರದ ಹಳೆಯ ಉರಿಯೋ, ಸಾದಾ ಹುಣ್ಣೋ, ಅರ್ಬುದವೋ ತಿಳಿಯದು. ಕೈಗೆ ಗಂಟು ಸಿಕ್ಕುವುದಿಲ್ಲ. ಒಳಗೆ ನೋಡುವ ಬಗೆಯಿಲ್ಲ, ಏಕೆಂದರೆ ಕ್ಷಕಿರಣಗಳು ಬಂದದ್ದು 1895ರಲ್ಲಿ. ಕುಸ್‌ಮೌಲ್ ಅವರು ಕತ್ತಿ ನುಂಗುವವನೊಬ್ಬನ ಜಠರದೊಳಕ್ಕೆ ಕೊಳವೆಯಿಳಿಸಿ ನೋಡಲು ಯತ್ನಿಸಿದ್ದು 1868ರಲ್ಲಿ. ಅಂತಹ ರೋಗಿಯ ಕಾಲಿನಲ್ಲಿಯೋ ತೋಳಿನಲ್ಲಿಯೋ ಬೇರೆ ಕಾರಣವಿಲ್ಲದೆ ನೋವಿನ ಬಿಳಿಯ ಬಾವು ಮೂಡಿದರೆ, ವೈದ್ಯನ ಅನುಮಾನ ಅಲ್ಲಿಗೆ ಮುಗಿಯಬೇಕು, ಅದು ಅರ್ಬುದವೆಂದೇ ತಿಳಿಯಬೇಕು ಎಂಬುದು ಟ್ರೂಸೋ ಅವರ ಬೋಧೆ.

ಆ ಪುಟಗಳು ಅಚ್ಚಾಗಿ ಎರಡು ವರ್ಷವಾಗಿರಲಿಲ್ಲ. ಅಷ್ಟರಲ್ಲಿ ಟ್ರೂಸೋ ಅವರ ಜಠರದಲ್ಲಿಯೇ ತೊಂದರೆ ಕಾಣಿಸಿಕೊಂಡಿತು. ಮಿತ್ರರೂ ಶಿಷ್ಯರೂ ಧೈರ್ಯ ಹೇಳುತ್ತಿದ್ದಿರಬೇಕು. ಅವರೇ ಬೋಧಿಸಿದ ಮೂರು ಸಾಧ್ಯತೆಗಳಲ್ಲಿ ಎರಡು ಪ್ರಾಣಾಂತಿಕವಲ್ಲ ತಾನೆ. 1867ರ ಜನವರಿ 1ರಂದು, ಹೊಸ ವರ್ಷದ ದಿನ, ಶಿಷ್ಯ ಮಿಶೆಲ್ ಪೀಟರ್ ಅವರನ್ನು ಕಂಡಾಗ, ಹಿಂದಿನ ರಾತ್ರಿ ತಮ್ಮ ಎಡತೋಳಿನ ಅಭಿಧಮನಿಯಲ್ಲಿ ಗರಣೆಯ ಉರಿ ಕಾಣಿಸಿಕೊಂಡಿತೆಂದು ಟ್ರೂಸೋ ತಿಳಿಸಿದರು. ತಮ್ಮ ರೋಗದ ಸ್ವರೂಪದ ಬಗೆಗೆ ಇನ್ನು ಸಂಶಯವಿಲ್ಲವೆಂದೂ, ತಾವು ಉಳಿಯಲಾರೆವೆಂದೂ ಹೇಳಿದರು. ಬೇರೆ ರೋಗಿಯಲ್ಲಿ ಕಂಡಿದ್ದರೆ ಯಾವ ನಿರ್ಣಯ ಕೊಡುತ್ತಿದ್ದರೋ ಅದೇ ನಿರ್ಣಯವನ್ನು ತಮಗೂ ಕೊಟ್ಟುಕೊಂಡರು. ತನಗೆ ಮಾತ್ರ ನಿಯಮ ತಪ್ಪೀತೆಂಬ ಆಸೆ ಮನುಷ್ಯಸಹಜವಾದುದು. ಆ ಆಸೆಗೆ ಅವರು ಎಡೆಗೊಡಲಿಲ್ಲ. ಸುಮಾರು ಆರು ತಿಂಗಳ ಬಳಿಕ, 1867ರ ಜೂನ್ ತಿಂಗಳಲ್ಲಿ, ಅರ್ಬುದದಿಂದಲೇ ಪ್ಯಾರಿಸಿನಲ್ಲಿ ತೀರಿಕೊಂಡರು. ಆಗ ಅವರಿಗೆ ಅರವತ್ತೈದು ವರ್ಷ. ಅದು ಜಠರದ ಅರ್ಬುದವೆಂದು ಹೆಚ್ಚಿನವರು ಬರೆದಿದ್ದಾರೆ, ಮೇದೋಜೀರಕಾಂಗದ್ದೆಂದು ಕೆಲವರು ಬರೆದಿದ್ದಾರೆ. ಎರಡೂ ಅಂಗಗಳ ಅರ್ಬುದ ರಕ್ತವನ್ನು ಹೆಪ್ಪುಗಟ್ಟಿಸುವುದರಲ್ಲಿ ಕುಪ್ರಸಿದ್ಧವಾದುವೇ.

ಅವರು ಕಂಡು ವಿವರಿಸಲಾರದೆ ಬಿಟ್ಟುದನ್ನು ಮುಂದಿನವರು ಸ್ವಲ್ಪಸ್ವಲ್ಪವಾಗಿ ಬಿಡಿಸಿದರು. 1878ರಲ್ಲಿ ಬಿಲ್‌ರೋತ್ ಅವರು ಗರಣೆಯೊಳಗೆ ಅರ್ಬುದದ ಜೀವಕೋಶಗಳನ್ನು ಕಂಡರು. 1938ರಲ್ಲಿ ಅಮೆರಿಕದ ಸ್ಪ್ರೌಲ್ ಎಂಬ ವೈದ್ಯೆ ಶವಪರೀಕ್ಷೆಗಳನ್ನು ಆಧರಿಸಿ, ಮೇದೋಜೀರಕಾಂಗದ ನಡು ಮತ್ತು ಬಾಲದ ಅರ್ಬುದದಲ್ಲಿ ಹಲವೆಡೆ ಗರಣೆಗಟ್ಟುವುದು ಎಷ್ಟು ಸಾಮಾನ್ಯವೆಂದು ತೋರಿಸಿದರು. ಇಂದಿನ ತಿಳಿವಳಿಕೆಯನ್ನು ಸರಳವಾಗಿ ಹೇಳುವುದಾದರೆ ಹೀಗೆ: ಗಾಯವಾದಾಗ ರಕ್ತಸ್ರಾವ ನಿಲ್ಲಲೆಂದು ರಕ್ತನಾಳದ ಹೊರಗಿನ ಜೀವಕೋಶಗಳ ಮೇಲೆ ಒಂದು ವಸ್ತುವನ್ನು ಪ್ರಕೃತಿ ಇರಿಸಿದೆ, ಅದಕ್ಕೆ ಅಂಗಾಂಶ ಘಟಕವೆಂದು ಹೆಸರು. ರಕ್ತಕ್ಕೆ ಅದು ತಾಗಿದೊಡನೆ ಸರಪಳಿಯಂತೆ ಕ್ರಿಯೆಗಳು ನಡೆದು ಥ್ರಾಂಬಿನ್ ಹುಟ್ಟುತ್ತದೆ, ಅದು ಫೈಬ್ರಿನ್ ಎಂಬ ಎಳೆಗಳ ಬಲೆಯನ್ನು ಹೆಣೆಯುತ್ತದೆ. ಆರೋಗ್ಯವಂತನಲ್ಲಿ ಗಾಯವಾಗದೆ ಇದು ಆರಂಭವಾಗದು. ಅನೇಕ ಅರ್ಬುದ ಕೋಶಗಳಾದರೋ ಈ ವಸ್ತುವನ್ನು ಹೇರಳವಾಗಿ ತಯಾರಿಸಿ, ಸೂಕ್ಷ್ಮ ಕಣಗಳಾಗಿ ರಕ್ತಕ್ಕೇ ಉದುರಿಸುತ್ತವೆ. ಜಠರ, ಮೇದೋಜೀರಕಾಂಗಗಳ ಅರ್ಬುದಗಳು ಸುರಿಸುವ ಲೋಳೆಯ ಅಣುಗಳು ರಕ್ತದ ಕಿರುಬಿಲ್ಲೆಗಳನ್ನು ಕೆರಳಿಸುತ್ತವೆ. ಗಡ್ಡೆಯು ನಾಳವನ್ನು ಒತ್ತುವುದು, ರೋಗಿ ಹಾಸಿಗೆ ಹಿಡಿಯುವುದು, ಶಸ್ತ್ರಚಿಕಿತ್ಸೆ, ಕೆಲವು ಔಷಧಗಳು ಇವೂ ಸೇರಿಕೊಳ್ಳುತ್ತವೆ. ಒಟ್ಟಿನಲ್ಲಿ ಅರ್ಬುದ ರೋಗಿಗೆ ಅಭಿಧಮನಿಯ ಗರಣೆಯ ಅಪಾಯ ಇತರರಿಗಿಂತ ನಾಲ್ಕರಿಂದ ಏಳು ಪಟ್ಟು ಹೆಚ್ಚು.

ಈ ಸಂಬಂಧ ಒಮ್ಮುಖದ್ದಲ್ಲ. ಅಲೆಯುವ ಅರ್ಬುದ ಕೋಶವು ಫೈಬ್ರಿನ್ ಮತ್ತು ಕಿರುಬಿಲ್ಲೆಗಳನ್ನು ಹೊದ್ದು ದೇಹದ ಕಾವಲು ಕೋಶಗಳ ಕಣ್ಣು ತಪ್ಪಿಸಿ ಬೇರೊಂದು ಅಂಗದಲ್ಲಿ ಬೇರೂರಲು ಅದೇ ಹೆಪ್ಪು ನೆರವಾಗುತ್ತದೆಂದು ಪ್ರಯೋಗಗಳು ತೋರಿಸಿವೆ. 1986ರಲ್ಲಿ ಅಮೆರಿಕದ ಡ್ವೋರಾಕ್ ಅವರು ಅರ್ಬುದದ ಗಡ್ಡೆಯನ್ನು ಎಂದಿಗೂ ಮಾಯದ ಗಾಯಕ್ಕೆ ಹೋಲಿಸಿದರು. ರಕ್ತವು ಗಾಯವೆಂದು ಭ್ರಮಿಸಿ ಅದನ್ನು ಮುಚ್ಚಲು ಮುಚ್ಚಲು ಹೋಗುತ್ತದೆ. ಗಡ್ಡೆಯು ಆ ಮುಚ್ಚಿಗೆಯನ್ನೇ ಹಂದರವಾಗಿ ಮಾಡಿಕೊಂಡು ಬೆಳೆಯುತ್ತದೆ.

ಚಿಕಿತ್ಸೆಯ ಮಾತನ್ನೂ ಹೇಳಬೇಕು. ಟ್ರೂಸೋ ಅವರ ಕಾಲದಲ್ಲಿ ಗರಣೆಗೆ ಔಷಧವೇ ಇರಲಿಲ್ಲ. ಹೆಪಾರಿನ್‌ಗೆ ದಾರಿ ತೆರೆದ ಶೋಧನೆ 1916ರದು. ಅದನ್ನು ಮಾಡಿದವರು ಬಾಲ್ಟಿಮೋರಿನಲ್ಲಿ ಓದುತ್ತಿದ್ದ ಮೆಕ್ಲೀನ್ ಎಂಬ ವಿದ್ಯಾರ್ಥಿ. 2003ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ, ಗರಣೆ ಬಂದ ಅರ್ಬುದ ರೋಗಿಗಳಿಗೆ ರೂಢಿಯ ಮಾತ್ರೆಗೆ ಬದಲಾಗಿ ಲಘು ಅಣುತೂಕದ ಹೆಪಾರಿನ್ ಚುಚ್ಚುಮದ್ದು ಕೊಟ್ಟಾಗ, ಆರು ತಿಂಗಳಲ್ಲಿ ಗರಣೆ ಮರುಕಳಿಸಿದವರು ತಲಾ 336 ಮಂದಿಯಲ್ಲಿ 53ರಿಂದ 27ಕ್ಕೆ ಇಳಿದರು. 2018ರ ನಂತರ ಹೊಸ ಬಗೆಯ ಮಾತ್ರೆಗಳೂ ಅನೇಕರಿಗೆ ಯೋಗ್ಯವೆಂದು ಕಂಡುಬಂದಿವೆ. ಜಠರ, ಕರುಳಿನ ಅರ್ಬುದದಲ್ಲಿ ಮಾತ್ರ ರಕ್ತಸ್ರಾವದ ಭಯವಿರುವುದರಿಂದ ವೈದ್ಯರು ತೂಗಿನೋಡಿ ಕೊಡುತ್ತಾರೆ.

ಇಲ್ಲಿ ವಾಚಕರಿಗೆ ಒಂದು ಎಚ್ಚರಿಕೆ. ಟ್ರೂಸೋ ಅವರ ಸೂತ್ರವನ್ನು ತಲೆಕೆಳಗು ಮಾಡಿ, ಕಾಲು ಬಾತವರಿಗೆಲ್ಲ ಅರ್ಬುದವೆಂದು ಗಾಬರಿಗೊಳ್ಳಬಾರದು. ದೀರ್ಘ ಪ್ರಯಾಣ, ಮೂಳೆಮುರಿತ, ಬಾಣಂತಿತನ, ವಂಶಗುಣ ಹೀಗೆ ಗರಣೆಗೆ ಕಾರಣಗಳು ಹಲವು. ಕೆನಡಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಕಾರಣ ತಿಳಿಯದ ಗರಣೆ ಬಂದ 854 ಮಂದಿಯನ್ನು ಒಂದು ವರ್ಷ ಗಮನಿಸಿದಾಗ, ಅರ್ಬುದ ಪತ್ತೆಯಾದದ್ದು 33 ಮಂದಿಯಲ್ಲಿ, ಎಂದರೆ ನೂರಕ್ಕೆ ನಾಲ್ವರಿಗಿಂತ ಕಡಮೆ. ಹೊಟ್ಟೆಯನ್ನೂ ಸಿ.ಟಿ. ಯಂತ್ರದಿಂದ ಚಿತ್ರಿಸಿ ನೋಡಿದುದರಿಂದ ಸಾಧಾರಣ ತಪಾಸಣೆಗಿಂತ ಹೆಚ್ಚಿನ ಲಾಭವೇನೂ ಆಗಲಿಲ್ಲ. ಆದರೆ ಒಂದೇ ಕಾಲು ಹಠಾತ್ತಾಗಿ ಬಾತು ನೋಯತೊಡಗಿದರೆ, ಅಥವಾ ಅದರೊಡನೆ ಉಸಿರು ಮೇಲುಗಟ್ಟಿದರೆ, ಅಂದೇ ವೈದ್ಯರನ್ನು ಕಾಣಬೇಕು. ಎಣ್ಣೆ ಹಚ್ಚಿ ತಿಕ್ಕುತ್ತ ಕೂರಬಾರದು.

ಟ್ರೂಸೋ ಅವರ ಮಗ ಜಾರ್ಜ್ ಸಹ ವೈದ್ಯರಾದರು. ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲಿ ನೆಲೆಸಿ, ಅಲ್ಲಿನ ರಾಜನಿಗೂ ಚಿಕಿತ್ಸೆ ಮಾಡಿ, 1894ರಲ್ಲಿ ಅಲ್ಲಿಯೇ ಮೃತರಾದರು. ಗುರುವಿನ ಉಪನ್ಯಾಸ ಗ್ರಂಥದ ಮುಂದಿನ ಆವೃತ್ತಿಗಳನ್ನು ಸಿದ್ಧಪಡಿಸಿದವರು, ಆ ಹೊಸ ವರ್ಷದ ದಿನ ಅವರ ಮಾತನ್ನು ಕೇಳಿದ ಮಿಶೆಲ್ ಪೀಟರ್ ಅವರೇ. ಗ್ರಂಥವು ಇಂಗ್ಲಿಷಿಗೂ ಅನುವಾದವಾಗಿ ಲಂಡನ್ನಿನಲ್ಲಿ ಪ್ರಕಟವಾಯಿತು. ಪ್ಯಾರಿಸಿನ ಒಂದು ಮಕ್ಕಳ ಆಸ್ಪತ್ರೆಗೆ ಆರ್ಮಾಂ ಟ್ರೂಸೋ ಅವರ ಹೆಸರಿದೆ. ಹುಟ್ಟೂರಾದ ತೂರ್‌ನ ವಿಶ್ವವಿದ್ಯಾಲಯದ ಆಸ್ಪತ್ರೆಗಳಲ್ಲಿ ಒಂದು ಬ್ರೆತೊನೋ ಆಸ್ಪತ್ರೆ, ಇನ್ನೊಂದು ಟ್ರೂಸೋ ಆಸ್ಪತ್ರೆ.